ಮೊದಲು ಛಾವಣಿ, ಆಮೇಲೆ ಸೌರಫಲಕ

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳಿಗೆ ಸುಮಾರು 10 ಚದರ ಮೀಟರ್ ಜಾಗ ಸಾಕು ಎಂಬ ಲೆಕ್ಕ ಹಿಡಿದು ನೋಡಿದರೆ, ಹಳೆಯ ಗಿರಣಿ, ಹಂಚಿನ ಕಾರ್ಖಾನೆ ಮತ್ತು ಗೋದಾಮುಗಳ ವಿಶಾಲ ಛಾವಣಿಗಳು ವಿದ್ಯುತ್ ಬೆಳೆಯುವ ಹೊಲಗಳಂತೆ ತೋರುತ್ತವೆ. ಆದರೆ ಅಂತಹ ಕಟ್ಟಡಗಳ ನವೀಕರಣದಲ್ಲಿ ತೊಡಗಿದವರು ಕಲಿತ ಮೊದಲ ಪಾಠವೆಂದರೆ, ಛಾವಣಿಯ ಮೇಲೆ ಎಷ್ಟು ಬಿಸಿಲು ಬೀಳುತ್ತದೆ ಎಂದು ಅಳೆಯುವ ಮುನ್ನ ಆ ಛಾವಣಿ ಇನ್ನೆಷ್ಟು ವರ್ಷ ಬಾಳುತ್ತದೆ ಎಂಬುದನ್ನು ತಿಳಿಯಬೇಕು.

ಪ್ರಸ್ತುತ ಲೇಖಕ ಭಾಗಿಯಾಗಿದ್ದ ಒಂದು ಗೋದಾಮಿನ ಕೆಲಸದಲ್ಲಿ ಈ ಕ್ರಮ ತಲೆಕೆಳಗಾಯಿತು. ಮಾರ್ಚ್ ಮುಗಿಯುವುದರೊಳಗೆ ಫಲಕಗಳನ್ನು ಏರಿಸುವ ಆತುರದಲ್ಲಿ ಹಳೆಯ ಕಲ್ನಾರು ಶೀಟುಗಳಿಗೇ ರಂಧ್ರ ಕೊರೆಯಲಾಯಿತು; ಮೊದಲ ಮುಂಗಾರಿನಲ್ಲಿಯೇ ರಂಧ್ರಗಳ ಸುತ್ತ ನೀರು ಜಿನುಗಿ, ಫಲಕಗಳನ್ನು ಇಳಿಸಿ, ಶೀಟು ಬದಲಿಸಿ, ಪುನಃ ಜೋಡಿಸಬೇಕಾಯಿತು. ಆಸ್ಬೆಸ್ಟಾಸ್ ಎಂಬ ಖನಿಜದ ನಾರನ್ನು ಸಿಮೆಂಟಿಗೆ ಬೆರೆಸಿ ಮಾಡಿದ ಈ ಶೀಟು ವಯಸ್ಸಾದಂತೆ ಪೆಡಸಾಗುವುದಲ್ಲದೆ, ಕೊರೆದಾಗ ಏಳುವ ಅದರ ದೂಳು ಶ್ವಾಸಕೋಶಕ್ಕೆ ಅಪಾಯಕಾರಿಯಾದುದರಿಂದ, ಅದನ್ನು ಎಚ್ಚರಿಕೆಯಿಂದ ತೆಗೆದುಹಾಕುವುದೇ ಯುಕ್ತ. 25 ವರ್ಷ ದುಡಿಯುವ ಫಲಕವನ್ನು ಐದು ವರ್ಷ ಬಾಳುವ ಹೊದಿಕೆಯ ಮೇಲೆ ಕೂರಿಸುವುದರಲ್ಲಿ ಯಾವ ಉಳಿತಾಯವೂ ಇಲ್ಲ.

ಎರಡನೆಯ ಪಾಠ ಗಾಳಿಗೆ ಸಂಬಂಧಿಸಿದ್ದು. ಚೌಕಟ್ಟೂ ಸೇರಿ ಚದರ ಮೀಟರಿಗೆ ಸುಮಾರು 15 ಕಿಲೋ ತೂಗುವ ಫಲಕಗಳ ಭಾರವನ್ನು ಎಲ್ಲರೂ ಲೆಕ್ಕ ಹಾಕುತ್ತಾರಾದರೂ, ಬಿರುಗಾಳಿಯು ಅವುಗಳನ್ನು ಮೇಲಕ್ಕೆ ಸೆಳೆಯುವ ಬಲವನ್ನು ಹಲವರು ಮರೆಯುತ್ತಾರೆ. ಈ ಸೆಳೆತ ಛಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಹೆಚ್ಚಿರುವುದರಿಂದ ಅಲ್ಲಿ ಜಾಗ ಬಿಟ್ಟು, ಫಲಕಗಳ ಹಿಡಿಕೆಗಳನ್ನು ಹೊದಿಕೆಗೆ ಬಿಗಿಯದೆ, ಅದನ್ನು ಹೊತ್ತಿರುವ ಅಡ್ಡತೊಲೆಗಳಿಗೇ, ಅಂದರೆ ಪರ್ಲಿನ್‌ಗಳಿಗೇ, ತುಕ್ಕು ಪರೀಕ್ಷಿಸಿದ ನಂತರ ಬಿಗಿಯಬೇಕು. 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಫಲಕವು ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಅದರ ಕೆಳಗೆ ಗಾಳಿಯಾಡಲು ತೆರಪೂ ಬೇಕು.

ಹಳೆಯ ಬಟ್ಟೆ ಗಿರಣಿಗಳಲ್ಲಿ ಕಾಣುವ ಗರಗಸದ ಹಲ್ಲಿನಂತಹ ಛಾವಣಿಯು ಸೌರಫಲಕಕ್ಕೆ ಹೇಳಿ ಮಾಡಿಸಿದಂತಿದೆ. ನೇರ ಬಿಸಿಲಿಲ್ಲದೆ ಸಮನಾದ ಬೆಳಕು ಒಳಬರಲೆಂದು ಅದರ ಗಾಜಿನ ಮುಖವನ್ನು ಉತ್ತರಕ್ಕೆ ಇಟ್ಟಿರುವುದರಿಂದ, ಇಳಿಜಾರು ತಾನಾಗಿಯೇ ದಕ್ಷಿಣಕ್ಕೆ ತಿರುಗಿರುತ್ತದೆ. ಹೀಗಿದ್ದರೂ ಒಂದು ಹಲ್ಲಿನ ನೆರಳು ಹಿಂದಿನ ಹಲ್ಲಿನ ಬುಡಕ್ಕೆ ಬೀಳುತ್ತದೆ. ಸರಪಳಿಯಂತೆ ಜೋಡಿಸಿದ ಫಲಕಗಳಲ್ಲಿ ಒಂದು ನೆರಳಿಗೆ ಸಿಕ್ಕರೆ ಉಳಿದವುಗಳ ಉತ್ಪಾದನೆಯೂ ಕುಗ್ಗಬಹುದಾದುದರಿಂದ ಕೆಳಸಾಲನ್ನು ಬಿಡುವುದು ಅಥವಾ ಬೇರೆಯಾಗಿ ಜೋಡಿಸುವುದು ಒಳ್ಳೆಯದು. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿಯುವುದರಿಂದ, ಕಡಿದಾದ ದಕ್ಷಿಣ ಇಳಿಜಾರಿನ ಫಸಲು ಆ ತಿಂಗಳುಗಳಲ್ಲಿ ತುಸು ತಗ್ಗುತ್ತದೆ.

ಎಲ್ಲ ಛಾವಣಿಗಳಿಗೂ ಫಲಕ ಹೊಂದುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಮಂಗಳೂರು ಹಂಚು, ಗಾರೆಯಿಲ್ಲದೆ ರೀಪುಗಳ ಮೇಲೆ ಒಂದಕ್ಕೊಂದು ಕೂಡಿ ನಿಂತು, ಸಂದುಗಳಲ್ಲಿ ಕಟ್ಟಡಕ್ಕೆ ಉಸಿರಾಡಲು ಎಡೆ ಕೊಡುತ್ತದೆ. ಅಂತಹ ಮಾಡನ್ನು ಫಲಕಗಳಿಂದ ಮುಚ್ಚುವ ಬದಲು ಪಕ್ಕದ ಹೊಸ ಶೆಡ್ಡನ್ನೋ ವಾಹನ ನಿಲ್ದಾಣದ ಚಪ್ಪರವನ್ನೋ ಆರಿಸಿಕೊಂಡರೆ, ವಿದ್ಯುತ್ತೂ ದೊರೆಯುತ್ತದೆ, ಕಟ್ಟಡದ ಚಹರೆಯೂ ಉಳಿಯುತ್ತದೆ. ಆದುದರಿಂದ ನವೀಕರಣದಲ್ಲಿ ಮೊದಲ ಅಂದಾಜುಪಟ್ಟಿ ಛಾವಣಿಯದಾಗಿರಬೇಕು, ಫಲಕಗಳದು ಎರಡನೆಯದು.