ನಲವತ್ತು ಮೈಲಿಗೆ ಹೊರಡುವ ಮುನ್ನ

ಇಂಗ್ಲೆಂಡಿನ ನಾರ್ತ್ ಯಾರ್ಕ್ ಮೂರ್ಸ್ ಬಯಲಿನಲ್ಲಿ ಆಸ್ಮದರ್ಲಿ ಊರಿನ ಬಳಿಯಿಂದ ಕಡಲಂಚಿನ ರೇವನ್ಸ್‌ಕಾರ್‌ವರೆಗೆ 40 ಮೈಲಿ, ಅಂದರೆ ಸುಮಾರು 64 ಕಿ.ಮೀ. ಇದನ್ನು 24 ಗಂಟೆಯೊಳಗೆ ನಡೆದು ಮುಗಿಸಬೇಕು. 1955ರಲ್ಲಿ ಬಿಲ್ ಕೌಲಿ ಎಂಬ ರೈತ ಒಡ್ಡಿದ ಈ ಸವಾಲಿಗೆ ‘ಲೈಕ್ ವೇಕ್ ವಾಕ್’ ಎಂದು ಹೆಸರು. ಲಾಂಛನ ಶವಪೆಟ್ಟಿಗೆ! ಯಾರ್ಕ್‌ಷೈರಿನವರ ತಮಾಷೆಯೇ ಹಾಗೆ.

ಹೆದರ್ ಹೂ ನೇರಳೆಯಾಗಿ ಅರಳುವುದು ಆಗಸ್ಟ್‌ನಲ್ಲಿ. ಆದರೆ ಹಗಲು ಉದ್ದವಿರುವುದು ಜೂನ್‌ನಲ್ಲಿ, ಹೆಚ್ಚುಕಡಿಮೆ 17 ಗಂಟೆ. ಮೊದಲ ಸಲ ನಡೆಯುವವರು ಹೂವಿನ ಆಸೆ ಬಿಟ್ಟು ಬೆಳಕನ್ನೇ ಆರಿಸಿಕೊಳ್ಳುವುದು ಜಾಣತನ.

ಬ್ಲೋವರ್ತ್ ಕ್ರಾಸಿಂಗ್‌ನಿಂದ ಬ್ಲೇಕಿಯ ಲಯನ್ ಇನ್‌ವರೆಗೆ ಹಳೆಯ ರೈಲುದಾರಿ. 1861ರಿಂದ 1929ರವರೆಗೆ ಕಬ್ಬಿಣದ ಅದಿರು ಸಾಗಿದ್ದು ಇದರ ಮೇಲೆಯೇ. ಹಳಿಗಳಿಲ್ಲದ ಸಮತಟ್ಟು ನೆಲ ಕಂಡದ್ದೇ ಕಾಲು ತಾನಾಗಿ ಓಡುತ್ತದೆ, ಅಲ್ಲೇ ಹಿಡಿತವಿರಬೇಕು. ಏಕೆಂದರೆ ಬ್ಲೇಕಿ ದಾಟಿದ ಮೇಲೆ ಕಾದಿರುವುದು ಕಪ್ಪು ಪೀಟ್ ಕೆಸರು. ಮೇಲೆ ಒಣಗಿದಂತೆ ಕಂಡರೂ ಬೂಟು ಊರಿದೊಡನೆ ಮೊಣಕಾಲವರೆಗೆ ನುಂಗಬಲ್ಲದು. ಒಂದು ಜೊತೆ ಒಣ ಕಾಲುಚೀಲ ಚೀಲದಲ್ಲಿರಲಿ.

ಮಂಜು ಕವಿದರೆ ಗುರುತು ಹಿಡಿಯಲು ಮರಗಳೇ ಇರುವುದಿಲ್ಲ. ಫೋನ್ ನಂಬಿ ಕೂರದೆ ನಕ್ಷೆ, ದಿಕ್ಸೂಚಿ ಒಯ್ಯಬೇಕು, ಬಳಸಲೂ ಬರಬೇಕು. ದಾರಿ ಕೆಸರಾಗಿದೆಯೆಂದು ಪಕ್ಕದ ಹೆದರ್ ತುಳಿಯುವುದಂತೂ ಬೇಡ: ಜನಸಂದಣಿಯಿಂದ ಹಿಂದೆ ಈ ಹಾದಿ ಭಾರಿ ಸವೆದಿತ್ತು.

ರೇವನ್ಸ್‌ಕಾರ್‌ನಿಂದ ಮರಳಲು ವಾಹನವನ್ನು ಮೊದಲೇ ಗೊತ್ತುಮಾಡಿಟ್ಟಿರಬೇಕು. ನಡುರಾತ್ರಿ ಮುಗಿಸಿದವರಿಗೆ ಅಲ್ಲಿ ಬಸ್ಸು ಸಿಗದು.