ಉಣುಗಿನ ಕಾಲ

ತಮ್ಮಾ, ಪೇಟೆಯ ಕೆಲಸ ಬಿಟ್ಟು ಅಪ್ಪನ ತೋಟ ನೋಡಿಕೊಳ್ಳಲು ಬಂದೆಯಲ್ಲ, ಸಂತೋಷ. ಬಂದವನೇ ಮಂಗ ಓಡಿಸಲು ಗರ್ನಾಲು ಹೊಡೆಯುವುದನ್ನೂ ಕಲಿತಿದ್ದೀಯ. ಬಾಳೆಗೊನೆ ಕಳೆದುಕೊಂಡವನ ಸಿಟ್ಟು ನನಗೂ ಗೊತ್ತು. ಆದರೆ ಡಿಸೆಂಬರಿನಿಂದ ಮೇವರೆಗೆ ನಮ್ಮ ಸೀಮೆಯಲ್ಲಿ ಮರಕ್ಕಿಂತ ನೆಲದ ಕಡೆ ಹೆಚ್ಚು ಕಣ್ಣಿಡಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಜನರೂ ಜ್ವರ ಹಿಡಿದು ಮಲಗಿದರು. ಮಂಗನ ಕಾಯಿಲೆ ಎಂದು ಹೆಸರಾಯಿತು. ಪಾಪ, ಮಂಗವೂ ನಮ್ಮ ಹಾಗೆ ರೋಗಿಯೇ. ವೈರಸ್ ದಾಟಿಸುವುದು ಉಣುಗು. ಮಂಗ ಸತ್ತಿತೋ, ಮೈಗೆ ಕಚ್ಚಿಕೊಂಡಿದ್ದ ಉಣುಗುಗಳು ಕಳಚಿ ಸುತ್ತಲಿನ ದರಗಿಗೆ ಇಳಿಯುತ್ತವೆ. ಹಾಗಾಗಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡ, ಕೋಲಿನಲ್ಲಿ ಕೆದಕಬೇಡ, ಆಂಜನೇಯ ಎಂದು ಹೂವು ಹಾಕಿ ಹುಗಿಯಲೂ ಹೋಗಬೇಡ. ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡು. ಇಲಾಖೆಯವರು ಬಂದು ಮಾದರಿ ತೆಗೆದು, ದೇಹ ಸುಟ್ಟು, ಸುತ್ತ 50 ಮೀಟರಿನಷ್ಟು ಉಣುಗು ಕೊಲ್ಲುವ ಪುಡಿ ಎರಚುತ್ತಾರೆ.

ದನದ ವಿಷಯ ಮಾತ್ರ ನಮ್ಮವರ ತಲೆಗೆ ಬೇಗ ಹೋಗುವುದಿಲ್ಲ. ದನ ಕಾಯಿಲೆ ಬೀಳುವುದಿಲ್ಲ, ನಿಜ. ಆದರೆ ಬೆಳೆದ ಉಣುಗಿಗೆ ಅದೇ ಅನ್ನಛತ್ರ. ಮಂಗ ಸತ್ತ ಕಡೆ ಮೇಯಲು ಬಿಡಬೇಡ, ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಾಕಿಸು.

ದರಗು ತರುವುದನ್ನೇ ಬಿಡು ಎಂದರೆ ಕೊಟ್ಟಿಗೆ ನಡೆಯುವುದಿಲ್ಲ. ಕಾಡಿಗೆ ಹೋಗಲೇಬೇಕಾದರೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ಉಣುಗು ಹತ್ತದಂತೆ ಆಸ್ಪತ್ರೆಯಲ್ಲಿ ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೋ. ಜಿಗುಟು ಎಂದು ಬಾಟಲಿಯನ್ನು ಅಟ್ಟಕ್ಕೆ ಸೇರಿಸುವವರೇ ಜಾಸ್ತಿ. ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಬೇಕು. ಕೆಲಸಕ್ಕೆ ಬರುವವರಿಗೂ ಎಣ್ಣೆ ಕೊಡಿಸು ಮಾರಾಯ, ಸೊಪ್ಪಿನ ಬೆಟ್ಟಕ್ಕೆ ನಿನಗಿಂತ ಹೆಚ್ಚು ಹೋಗುವವರು ಅವರು. ಹಳೆಯ ಲಸಿಕೆಯನ್ನು 2022ರಲ್ಲೇ ನಿಲ್ಲಿಸಿದ್ದಾರೆ, ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಏಕಾಏಕಿ ಜ್ವರ, ತಲೆಸಿಡಿತ, ಮೈಕೈ ನೋವು, ಕಣ್ಣು ಕೆಂಪು ಎಂದರೆ ಅಂಗಡಿಯ ಮಾತ್ರೆ ನುಂಗಿ ಮಲಗಬೇಡ. ಆಸ್ಪಿರಿನ್ ಅಂತೂ ಬೇಡವೇ ಬೇಡ, ರಕ್ತಸ್ರಾವ ಹೆಚ್ಚೀತು. ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸು. ಇಳಿದ ಜ್ವರ ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಏರುತ್ತದೆ; ಮಾರನೇ ದಿನವೇ ಅಡಿಕೆ ಕೊಯ್ಲಿಗೆ ಇಳಿಯಬೇಡ. ಪಕ್ಕದ ಮನೆಯಲ್ಲಿ ಯಾರಾದರೂ ಹೀಗೆ ಮಲಗಿದ್ದರೆ ಗಂಜಿ ಕೊಟ್ಟು ಬಾ, ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ.