ಬೆಳಕು ಬಿದ್ದರೆ ಕ್ರೋಮಿಯಂ ಎಲ್ಲಿ ಹೋಗುತ್ತದೆ?

ವಿದ್ಯಾರ್ಥಿಗಳೇ, ತಮಿಳುನಾಡಿನ ರಾಣಿಪೇಟೆ ಚರ್ಮ ಹದ ಮಾಡುವ ಕಸುಬಿಗೆ ಹೆಸರಾದ ಊರು. ಅಲ್ಲಿ ಕ್ರೋಮಿಯಂ ರಾಸಾಯನಿಕ ತಯಾರಿಸುತ್ತಿದ್ದ ಕಾರ್ಖಾನೆಯೊಂದು ಮುಚ್ಚಿ ಎಷ್ಟೋ ವರ್ಷಗಳಾದವು. ಆದರೆ ಅದು ಬಿಟ್ಟುಹೋದ ತ್ಯಾಜ್ಯದ ರಾಶಿಯಿಂದ ಮಳೆನೀರಿನ ಜೊತೆ ಕ್ರೋಮಿಯಂ ಇಳಿದು ಅಂತರ್ಜಲ ಸೇರಿತು. ಇಂಥ ನೀರನ್ನು ಕುದಿಸಿದರೆ ಸಾಲದೇ? ಸಾಲದು. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಸಾಯುವುದಿಲ್ಲ.

ನೀರಿನಲ್ಲಿ ಕ್ರೋಮಿಯಂಗೆ ಎರಡು ಮುಖ್ಯ ರೂಪಗಳು. ಉತ್ಕರ್ಷಣ ಸಂಖ್ಯೆ +6 ಇರುವ ರೂಪ ಸಲೀಸಾಗಿ ಕರಗುತ್ತದೆ, ಕ್ಯಾನ್ಸರ್ ತರಬಲ್ಲದು. +3 ಇರುವ ರೂಪದ ವಿಷ ಬಹಳ ಕಡಿಮೆ. ಆಮ್ಲೀಯವಲ್ಲದ ನೀರಿನಲ್ಲಿ ಅದು ಅಷ್ಟಾಗಿ ಕರಗದು. ಹಾಗಾದರೆ ಮೊದಲನೆಯದಕ್ಕೆ ಮೂರು ಎಲೆಕ್ಟ್ರಾನ್ ಕೊಟ್ಟರೆ ಆಯಿತಲ್ಲ! ಇದೇ ನೀವು ಪಾಠದಲ್ಲಿ ಓದಿದ ಅಪಕರ್ಷಣ.

ಎಲೆಕ್ಟ್ರಾನ್ ಕೊಡುವವರು ಯಾರು? ಬಿಳಿ ಪೇಂಟಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಪುಡಿ. ಸುಮಾರು 387 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ನೇರಳಾತೀತ ಬೆಳಕು ಬಿದ್ದರೆ ಅದರೊಳಗಿನ ಎಲೆಕ್ಟ್ರಾನ್ ಜಿಗಿದು ಮೇಲಿನ ಶಕ್ತಿಮಟ್ಟಕ್ಕೆ ಹೋಗುತ್ತದೆ. ಅದು ಇದ್ದ ಜಾಗ ಖಾಲಿಯಾಗುತ್ತದೆ. ಜಿಗಿದ ಎಲೆಕ್ಟ್ರಾನನ್ನು ಕ್ರೋಮಿಯಂ ತೆಗೆದುಕೊಳ್ಳುತ್ತದೆ. ಖಾಲಿ ಜಾಗವು ನೀರಿನಿಂದಲೋ ಬೇರೆ ಪದಾರ್ಥದಿಂದಲೋ ಎಲೆಕ್ಟ್ರಾನ್ ಕಿತ್ತುಕೊಂಡು ತುಂಬಿಕೊಳ್ಳುತ್ತದೆ. ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ ಬೆರೆಸಿದರೆ ಕೆಲಸ ಇನ್ನೂ ಚುರುಕು. ಪುಡಿ ಮಾತ್ರ ಖರ್ಚಾಗದು. ಅದಕ್ಕೇ ಇದು ಕ್ರಿಯಾವರ್ಧಕ.

ಈ ಪುಡಿಯ ಗುಣವನ್ನು ಜಗತ್ತಿಗೆ ತೋರಿಸಿದವರು ಜಪಾನಿನ ಫುಜಿಶಿಮಾ ಮತ್ತು ಹೊಂಡಾ. 1972ರಲ್ಲಿ ಅವರು ಇದರ ಮೇಲೆ ಬೆಳಕು ಹಾಯಿಸಿ ನೀರನ್ನೇ ವಿಭಜಿಸಿದ್ದರು. ಒಂದು ತೊಡಕೂ ಇದೆ: ಬಿಸಿಲಿನಲ್ಲಿ ನೇರಳಾತೀತ ಬೆಳಕು ಇರುವುದು ನೂರಕ್ಕೆ ಸುಮಾರು ಐದು ಪಾಲು ಅಷ್ಟೇ. ಹಾಗಾಗಿ, ಕಣ್ಣಿಗೆ ಕಾಣುವ ಬೆಳಕಿನಲ್ಲೂ ದುಡಿಯುವ ಪುಡಿಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬನ್ನಿ. ಕ್ರೋಮಿಯಂ ಎಲ್ಲಿಗೂ ಹೋಗುವುದಿಲ್ಲ! ಬೆಳಕು ಅದರ ರೂಪ ಬದಲಿಸುತ್ತದೆ, ಪರಮಾಣುವನ್ನು ಅಳಿಸದು. ಆಮೇಲೆ ನೀರಿನ ಆಮ್ಲೀಯತೆ ತಗ್ಗಿಸಬೇಕು. ಆಗ ಕ್ರೋಮಿಯಂ ಹೈಡ್ರಾಕ್ಸೈಡ್ ಹಸಿರು ಗಸಿಯಾಗಿ ತಳ ಸೇರುತ್ತದೆ. ಅದನ್ನು ಸೋಸಿ, ಜೋಪಾನವಾಗಿ ವಿಲೇವಾರಿ ಮಾಡಬೇಕು. ಕಂಡಲ್ಲಿ ಸುರಿದರೆ ಮಣ್ಣಿನ ಮ್ಯಾಂಗನೀಸ್ ಆಕ್ಸೈಡ್ ಅದನ್ನು ಮತ್ತೆ +6ಕ್ಕೆ ತಿರುಗಿಸಬಹುದು. ಮಾಡಿದ ಕೆಲಸವೆಲ್ಲ ನೀರುಪಾಲು.

ಲೆಕ್ಕ ಮಾಡಿ: ಲೀಟರಿಗೆ 2 ಮಿಲಿಗ್ರಾಂ ಕ್ರೋಮಿಯಂ ಇರುವ 10 ಲೀಟರ್ ನೀರನ್ನು ಬೆಳಕಿನಿಂದ ಸಂಸ್ಕರಿಸಿದಿರಿ, ಆದರೆ ಸೋಸಲಿಲ್ಲ. ಬಕೆಟ್ಟಿನಲ್ಲಿ ಈಗ ಒಟ್ಟು ಎಷ್ಟು ಕ್ರೋಮಿಯಂ ಇದೆ? ಕುಡಿಯುವ ನೀರಿನ ಭಾರತೀಯ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಆ ಮಿತಿಗೆ ತರಲು ಎಷ್ಟನ್ನು ಸೋಸಿ ತೆಗೆಯಬೇಕು?